ಕಾಲೇಜು ಗ್ರಂಥಾಲಯಗಳು ಹಳೆಯ ಕೆಲಸಗಳಲ್ಲಿ ಯಾವುದನ್ನು ಬಿಡಬೇಕೆಂದು ಹೇಗೆ ತೀರ್ಮಾನಿಸುತ್ತವೆ?

ಎಲ್ಲವೂ ಗಣಕೀಕರಣವಾದ ಮೇಲೂ ಗ್ರಂಥಾಲಯದವರು ಕೆಲವು ಹಳೆಯ ಕೆಲಸಗಳನ್ನು ಬಿಡದೆ, ಇನ್ನು ಕೆಲವನ್ನು ಸದ್ದಿಲ್ಲದೆ ಬಿಟ್ಟಿದ್ದಾರಲ್ಲ, ಅದನ್ನು ತೀರ್ಮಾನಿಸುವವರು ಯಾರು ಎಂದು ಕೇಳಿದ್ದೀರಿ. ಪದವಿ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗ್ರಂಥಪಾಲಕಿಯಾಗಿದ್ದೇನೆ. ನಾನು ಕಂಡಂತೆ ಅನೇಕ ಸಲ ಯಾರೂ ಕುಳಿತು ತೀರ್ಮಾನಿಸುವುದಿಲ್ಲ. ಸಹಾಯಕರು ನಿವೃತ್ತರಾಗುತ್ತಾರೆ, ಆ ಹುದ್ದೆ ಭರ್ತಿಯಾಗುವುದಿಲ್ಲ, ಅವರು ಮಾಡುತ್ತಿದ್ದ ಕೆಲಸ ಅವರೊಂದಿಗೇ ಹೋಗುತ್ತದೆ.

ಯೋಚಿಸಿ ಬಿಡುವ ಅವಕಾಶ ಸಿಕ್ಕಾಗ ನಾನು ಮೊದಲು ನೋಡುವುದು, ಅದೇ ಕೆಲಸವನ್ನು ಬೇರೆ ಯಾರಾದರೂ ಮಾಡುತ್ತಿದ್ದಾರೆಯೇ ಎಂದು. ಇಂಗ್ಲಿಷ್ ವಿಜ್ಞಾನ ನಿಯತಕಾಲಿಕೆಗಳನ್ನು ಬೈಂಡ್ ಮಾಡಿಸುವುದನ್ನು ನಿಲ್ಲಿಸಿದೆವು. ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಾಲಯಗಳಿಗೆ ನೆರವಾಗುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಎಂಬ ಅಂತರಜಾಲ ಸೇವೆಯ ಮೂಲಕ ಸಾವಿರಾರು ನಿಯತಕಾಲಿಕೆಗಳು ಕಾಲೇಜುಗಳಿಗೆ ಸಿಗುತ್ತಿರುವಾಗ ಅದಕ್ಕೆ ಹಣ ಸುರಿಯುವುದರಲ್ಲಿ ಅರ್ಥವಿರಲಿಲ್ಲ. ಪುಸ್ತಕ ಯಾರ ಬಳಿ ಇದೆಯೆಂದು ತಿಳಿಯಲು ವಿದ್ಯಾರ್ಥಿಗಳ ಟಿಕೆಟ್ಟು, ಪುಸ್ತಕದ ಚೀಟಿ ಜೋಡಿಸಿಡುವ ಪದ್ಧತಿಯೂ ಹೋಯಿತು, ಯಾರೂ ಮರುಗಲಿಲ್ಲ. ಪುಸ್ತಕಗಳ ವಾರ್ಷಿಕ ತಪಾಸಣೆಯ ಮಾತು ಬೇರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ 20,000 ಪುಸ್ತಕಗಳವರೆಗಿನ ಗ್ರಂಥಾಲಯ ಪ್ರತಿವರ್ಷವೂ ಎಣಿಸಲೇಬೇಕು. ಅದೇ ನಿಯಮ, ಓದಲು ಕೊಟ್ಟ ಸಾವಿರಕ್ಕೆ ಐದು ಪುಸ್ತಕ ಕಳೆದರೆ ಸಹಜವೆಂದೂ ಒಪ್ಪುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಗ್ರಂಥಪಾಲಕರು ಪುಸ್ತಕ ಕಳೆದೀತೆಂಬ ಭಯಕ್ಕೆ ಕಪಾಟಿಗೆ ಬೀಗ ಹಾಕಿದ್ದಾರೆ.

ನಾವು ಎಡವಿದ್ದು ಸೂಚಿಪತ್ರಗಳ, ಅಂದರೆ ಪುಸ್ತಕ ಹುಡುಕಲು ಅಕ್ಷರಕ್ರಮದಲ್ಲಿ ಜೋಡಿಸಿಟ್ಟ ಕಾರ್ಡುಗಳ ವಿಷಯದಲ್ಲಿ. ಗ್ರಂಥಾಲಯಗಳಿಗೆ ಇಂಥ ಕಾರ್ಡು ಮುದ್ರಿಸಿ ಕೊಡುತ್ತಿದ್ದ ಅಮೆರಿಕದ ಒಸಿಎಲ್‌ಸಿ ಸಂಸ್ಥೆಯೇ 2015ರಲ್ಲಿ ಅದನ್ನು ನಿಲ್ಲಿಸಿತು, ನಾವೇಕೆ ಬರೆಯುತ್ತ ಕೂರಬೇಕು ಎಂದುಕೊಂಡೆವು. ಬಂದ ಪುಸ್ತಕಗಳನ್ನು ಒಂದೊಂದಾಗಿ ಬರೆದಿಡುವ ದಾಖಲಾತಿ ವಹಿಯಲ್ಲಿದ್ದುದನ್ನೆಲ್ಲ ಕೊಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ಏರಿಸಿ, ಮರದ ಕಾರ್ಡು ಪೆಟ್ಟಿಗೆಯನ್ನು ಉಗ್ರಾಣಕ್ಕೆ ಸಾಗಿಸಿದೆವು. ಒಂದು ಮಧ್ಯಾಹ್ನ ಬಿ.ಎ. ಓದುವ ಹುಡುಗಿಯೊಬ್ಬಳು ಬಂದು, ಹಳೆಯ ಲೇಖನವೊಂದರಲ್ಲಿ ಹೆಸರು ಕಂಡ 'ಶ್ರೀನಿವಾಸ' ಎಂಬ ಕತೆಗಾರರ ಪುಸ್ತಕ ಬೇಕೆಂದಳು. ಗಣಕಯಂತ್ರ ಅರ್ಥಶಾಸ್ತ್ರದ ಶ್ರೀನಿವಾಸ, ರಸಾಯನಶಾಸ್ತ್ರದ ಶ್ರೀನಿವಾಸ ಎಲ್ಲರನ್ನೂ ತೋರಿಸಿತು. ನನಗೆ ಉತ್ತರ ಗೊತ್ತಿತ್ತು, ಹೇಳಿದೆ. ಆದರೆ ನಾನು ರಜೆಯಲ್ಲಿದ್ದಿದ್ದರೆ?

ಅಂದು ಸಂಜೆ ಉಗ್ರಾಣಕ್ಕೆ ಹೋಗಿ 'ಶ' ಅಕ್ಷರದ ಡ್ರಾಯರ್ ಎಳೆದೆ. ಕೆಳತುದಿಯ ತೂತಿನಲ್ಲಿ ಕಂಬಿ ಪೋಣಿಸಿದ್ದ ಕಾರ್ಡುಗಳು ಹಾಗೆಯೇ ಇದ್ದವು. ನನಗಿಂತ ಹಿಂದೆ ಇದ್ದ ಗ್ರಂಥಪಾಲಕರ ದುಂಡಗಿನ ಅಕ್ಷರ, ನೇರಳೆ ಶಾಯಿ: 'ಶ್ರೀನಿವಾಸ — ನೋಡಿ: ಮಾಸ್ತಿ ವೆಂಕಟೇಶ ಅಯ್ಯಂಗಾರ್'. ಅದರ ಹಿಂದೆಯೇ 'ಶ್ರೀರಂಗ — ನೋಡಿ: ಆದ್ಯ ರಂಗಾಚಾರ್ಯ'. ಕಾವ್ಯನಾಮಗಳಿಗೆ ಲೆಕ್ಕವಿಲ್ಲದ ನಮ್ಮ ಸಾಹಿತ್ಯದಲ್ಲಿ ಓದುಗರನ್ನು ಕೈಹಿಡಿದು ನಡೆಸುವ ಇಂಥ 'ನೋಡಿ' ಕಾರ್ಡುಗಳು ದಾಖಲಾತಿ ವಹಿಯಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ಗಣಕಯಂತ್ರಕ್ಕೂ ಬರಲಿಲ್ಲ. ಕಾರ್ಡು ಬಿಟ್ಟದ್ದು ಸರಿಯೇ. ಅದರಲ್ಲಿದ್ದ ದುಡಿಮೆಯನ್ನು ನೋಡದೆ ಬಿಟ್ಟದ್ದು ನನ್ನ ತಪ್ಪು, ಅದು ಈಗಲೂ ಚುಚ್ಚುತ್ತದೆ. ಒಂದು ಹೆಸರಿಗೆ ಇನ್ನೊಂದನ್ನು ಜೋಡಿಸುವ ಸೌಲಭ್ಯ ಕೊಹಾದಲ್ಲೇ ಇದೆ. ಪರೀಕ್ಷೆ ಮುಗಿದು ಓದುಗರು ಕಡಿಮೆಯಾಗುವ ದಿನಗಳಲ್ಲಿ ಡ್ರಾಯರ್ ಎದುರಿಗಿಟ್ಟುಕೊಂಡು ಒಂದೊಂದಾಗಿ ಸೇರಿಸುತ್ತಿದ್ದೇನೆ.

ಕನ್ನಡದ ಸಣ್ಣ ಸಾಹಿತ್ಯ ಪತ್ರಿಕೆಗಳ ಬೈಂಡಿಂಗ್ ಕೂಡ ನಿಲ್ಲಿಸಿ ಎಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ಅವುಗಳಲ್ಲಿ ಹೆಚ್ಚಿನವು ಯಾವ ಇ-ಸಂಗ್ರಹದಲ್ಲೂ ಇಲ್ಲ. ನಮ್ಮಲ್ಲಿ ಹರಿದುಹೋದರೆ ನಮ್ಮ ವಿದ್ಯಾರ್ಥಿಗಳ ಪಾಲಿಗೆ ಹೋದಂತೆಯೇ. ಈ ಸಾಲಿನ ಸಂಚಿಕೆಗಳನ್ನು ತಿಂಗಳವಾರು ಜೋಡಿಸಿ ದಾರ ಕಟ್ಟಿ ಇಟ್ಟಿದ್ದೇನೆ, ಬೈಂಡರ್ ಮುಂದಿನ ವಾರ ಬರುತ್ತಾರೆ.