ಅಮ್ಮನನ್ನು ಇಲ್ಲಿಗೆ ಕರೆಸುವ ಮೊದಲು

ತಂಗಿ, ಬಾಸ್ಟನ್ನಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ "ಅಕ್ಕಾ, ಇಲ್ಲಿ ವಯಸ್ಸಾದರೆ ನಮಗೆ ಯಾರು?" ಅಂತ ಕೇಳಿದ್ದೀಯ. ತೀರ್ಥಹಳ್ಳಿ ಕಡೆ ಒಬ್ಬರೇ ಇರುವ ಅಮ್ಮನನ್ನು ಇಲ್ಲಿಗೇ ಕರೆಸಿಕೊಳ್ಳಲಾ ಅಂತಲೂ ಕೇಳಿದ್ದೀಯ.

ನೀನಿರುವ ಊರಿನ ಕಡೆಯೇ ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಅವರ ಕಾಲೇಜಿನ ಹುಡುಗರು, ಬಾಸ್ಟನ್ನಿನ ಬಡ ಕೇರಿಗಳ ಹುಡುಗರು, ಒಟ್ಟು 724 ಜನರ ಬದುಕನ್ನು ಮುಪ್ಪಿನವರೆಗೂ ನೋಡುತ್ತ ಬಂದರು. 50ರ ವಯಸ್ಸಿನಲ್ಲಿ ತಮ್ಮವರ ಜೊತೆ ನೆಮ್ಮದಿಯಾಗಿದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಕೊಲೆಸ್ಟ್ರಾಲ್ ನೋಡಿ ಮುಪ್ಪಿನ ಆರೋಗ್ಯವನ್ನು ಅಷ್ಟು ಹೇಳಲಾಗುತ್ತಿರಲಿಲ್ಲ ಅನ್ನುತ್ತಾರೆ ಅದರ ಮುಖ್ಯಸ್ಥ ರಾಬರ್ಟ್ ವಾಲ್ಡಿಂಗರ್. ಮೊದಲಿಗೆ ಅದರಲ್ಲಿದ್ದವರೆಲ್ಲ ಗಂಡಸರೇ, ನಿಜ. ಆದರೆ ನಮ್ಮ ಅಮ್ಮಂದಿರಿಗೆ ಇದು ಇನ್ನೂ ಜಾಸ್ತಿ ಒಪ್ಪುತ್ತದೆ ಅಂತ ನನಗೆ ಅನ್ನಿಸುತ್ತದೆ.

ಅಡಿಕೆ ಕೊಯ್ಲಿನ ಕಾಲ ನೆನಪಿದೆ ಅಲ್ವಾ? ಅಕ್ಕಪಕ್ಕದವರೆಲ್ಲ ಮೆಟ್ಟುಗತ್ತಿ ಹಿಡಿದು ಸುಲಿಯಲು ಕೂತರೆ ನಡುರಾತ್ರಿಯಾದರೂ ಏಳುತ್ತಿರಲಿಲ್ಲ. ಮಗಳ ಮದುವೆ, ಮೊಣಕಾಲು ನೋವು, ದಾಯಾದಿ ಜಗಳ, ಎಲ್ಲ ಅಲ್ಲೇ ಬರುತ್ತಿತ್ತು. ಯಾರೂ ಸ್ನೇಹ ಬೆಳೆಸೋಣ ಅಂತ ಬಂದವರಲ್ಲ, ಕೆಲಸಕ್ಕೆ ಬಂದವರು. ಇವತ್ತು ನಮ್ಮನೆ, ನಾಳೆ ನಿಮ್ಮನೆ, ಅದೇ ಮುಯ್ಯಿ.

ಅದಕ್ಕೇ ಅಮ್ಮನನ್ನು ಮೊದಲು ಒಂದು ಮಾತು ಕೇಳು. ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಯಾರು ಬಂದು ವಿಚಾರಿಸುತ್ತಾರೆ? ತಟ್ಟನೆ ಎರಡು ಹೆಸರು ಬಂದರೂ ಸಾಕು, ಅಮ್ಮನನ್ನು ಅಲ್ಲಿಂದ ಕಿತ್ತು ತರಬೇಡ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಲು ಬಿಡುತ್ತಾರೆ. ಬೇಸಿಗೆಯಲ್ಲಿ ಬಂದು ಹೋಗಲಿ. ಚಳಿಗಾಲದಲ್ಲಿ ಹಿಮ ಬಿದ್ದರೆ ಹೊಸಿಲು ದಾಟುವುದಕ್ಕೂ ನಿನ್ನ ಕಾರು ಕಾಯಬೇಕು. ಹಗಲಿಡೀ ಮಾತಿಗೆ ಯಾರೂ ಇಲ್ಲದೆ ಸೊರಗಿದ ಅಮ್ಮಂದಿರನ್ನು ಇಲ್ಲಿ ನೋಡಿದ್ದೇನೆ. ಒಂದೂ ಹೆಸರು ಬರಲಿಲ್ಲವಾ? ಆಗ ಯೋಚಿಸಲೇಬೇಕು. ಮಕ್ಕಳೆಲ್ಲ ಬೆಂಗಳೂರು ಸೇರಿ ವಯಸ್ಸಾದವರೇ ಉಳಿದ ಮನೆಗಳು ನಮ್ಮ ಕಡೆ ಈಗ ಕಮ್ಮಿಯೇನಿಲ್ಲ. ಶಿವಮೊಗ್ಗದಲ್ಲಿ ನೆಂಟರ ಹತ್ತಿರ ಮನೆ ಮಾಡಿಕೊಟ್ಟರೂ ಆದೀತು.

ಇನ್ನು ನಿನ್ನ ವಿಷಯ. ಕನ್ನಡ ಕೂಟದಲ್ಲಿ ಯುಗಾದಿಗೆ ಸಿಗುವುದು ಒಳ್ಳೆಯದೇ, ಆದರೆ ಸಾಲದು. ಸಹಾಯ ಕೇಳುವುದನ್ನು ಕಲಿ. ಜ್ವರ ಬಂದರೆ ಒಂದು ಪಾತ್ರೆ ಗಂಜಿ ಕೇಳು. ಮಗುವನ್ನು ಒಂದು ಗಂಟೆ ನೋಡಿಕೊಳ್ಳಿ ಅನ್ನು. ಸಂಕೋಚ ಪಡಬೇಡ. ಮುಯ್ಯಿ ಇದ್ದರೆ ತಾನೇ ಹೋಗಿಬರುವುದು? ಇದನ್ನು ನಿವೃತ್ತಿಯಾದ ಮೇಲೆ ಶುರು ಮಾಡುವುದು ಕಷ್ಟ.

ಈ ಭಾನುವಾರ ಇಬ್ಬರೂ ನಮ್ಮನೆಗೆ ಬನ್ನಿ. ಹಿತ್ತಲಿನ ತುಂಬ ಎಲೆ ಬಿದ್ದಿದೆ, ಗುಡಿಸುವುದಕ್ಕೆ ಕೈ ಬೇಕು. ಮುಂದಿನ ವಾರ ನಿಮ್ಮನೆಗೆ ನಾವು ಬರುತ್ತೇವೆ.