ಕಲ್ಲಿನ ಯಕ್ಷಿಯೂ ಸಿಮೆಂಟಿನ ಸಂತಾಲರೂ

ಪ್ರಶ್ನೆ: ದೆಹಲಿಯ ರಿಸರ್ವ್ ಬ್ಯಾಂಕ್ ಕಟ್ಟಡದ ಮುಂದೆ ಯಕ್ಷ-ಯಕ್ಷಿಯರ ಬೃಹತ್ ಕಲ್ಲಿನ ಮೂರ್ತಿಗಳನ್ನು ಕಂಡೆ. ಅವುಗಳ ಶಿಲ್ಪಿ ರಾಮ್‌ಕಿಂಕರ್ ಬೈಜ್ ಹೆಚ್ಚಾಗಿ ಸಿಮೆಂಟಿನಲ್ಲೇ ಕೆಲಸ ಮಾಡುತ್ತಿದ್ದರೆಂದು ಜೊತೆಗಿದ್ದವರು ಹೇಳಿದರು. ಅಷ್ಟು ದೊಡ್ಡ ಕಲಾವಿದರು ಸಿಮೆಂಟನ್ನೇಕೆ ಆರಿಸಿಕೊಂಡರು? ಅವರು ಚಿತ್ರಕಾರರೂ ಆಗಿದ್ದರೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ತಾವು ಕಂಡದ್ದು ರಾಮ್‌ಕಿಂಕರರ ಕೃತಿಗಳಲ್ಲಿ ಒಂದು ಅಪವಾದ. ಅವರ ನಿಜವಾದ ಮಾಧ್ಯಮ ಸಿಮೆಂಟು ಮತ್ತು ಶಾಂತಿನಿಕೇತನದ ನೆಲದಲ್ಲೇ ಹೆಕ್ಕಿದ ಮುರಕಲ್ಲಿನ ಹರಳು. ಹೊನ್ನಾವರದವರಾದ ತಮಗೆ ಆ ಕೆಂಪು, ತೂತುತೂತಾದ ಕಲ್ಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ.

1906ರಲ್ಲಿ ಬಂಗಾಳದ ಬಾಂಕುರಾದಲ್ಲಿ, ಕ್ಷೌರ ವೃತ್ತಿಯ ಬಡ ಕುಟುಂಬದಲ್ಲಿ ಹುಟ್ಟಿದ ರಾಮ್‌ಕಿಂಕರರು ಹುಡುಗನಾಗಿದ್ದಾಗಲೇ ನಾಟಕದ ಪರದೆಗಳನ್ನೂ ಅಸಹಕಾರ ಚಳವಳಿಯ ನಾಯಕರ ಭಾವಚಿತ್ರಗಳನ್ನೂ ಬರೆಯುತ್ತಿದ್ದರು. ಅದೇ ಊರಿನವರಾದ ಪತ್ರಿಕಾ ಸಂಪಾದಕ ರಾಮಾನಂದ ಚಟರ್ಜಿ ಅವರ ಕಣ್ಣಿಗೆ ಈ ಹುಡುಗ ಬಿದ್ದದ್ದರಿಂದ 1925ರಲ್ಲಿ ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನಕ್ಕೆ ಬಂದು ಚಿತ್ರಕಾರ ನಂದಲಾಲ್ ಬೋಸರ ಶಿಷ್ಯರಾದರು, ಮುಂದೆ ಅಲ್ಲಿಯೇ ಶಿಲ್ಪಕಲೆಯ ಅಧ್ಯಾಪಕರಾಗಿ ನಿವೃತ್ತಿಯವರೆಗೂ ಉಳಿದರು.

ಕಂಚನ್ನು ಎರಕ ಹೊಯ್ಯಿಸಲು ಹಣ ಬೇಕು, ದೊಡ್ಡ ಶಿಲೆಯನ್ನು ತರಿಸಲೂ ಹಣ ಬೇಕು; ಎರಡೂ ಅವರ ಕೈಗೆಟುಕುವಂತಿರಲಿಲ್ಲ. ಸಿಮೆಂಟಿನ ಮೊದಲ ಕಾರಣ ಇಷ್ಟೇ. ಆದರೆ ಬಡತನದಿಂದ ಹಿಡಿದ ವಸ್ತುವನ್ನು ಅವರು ಬಡತನದ ವಸ್ತುವಾಗಿ ಬಳಸಲಿಲ್ಲ. ಒಳಗೆ ಹಂದರ ಕಟ್ಟಿ, ಸಿಮೆಂಟು ಮತ್ತು ಹರಳಿನ ಮಿಶ್ರಣವನ್ನು ಕೈಯಿಂದಲೇ ಎರಚುತ್ತ ಮೆತ್ತುತ್ತ, ಅದು ಗಟ್ಟಿಯಾಗುವುದರೊಳಗೆ ಆಕಾರ ತರುತ್ತಿದ್ದರು. ಉಜ್ಜಿ ನಯಗೊಳಿಸುವ ಗೋಜಿಗೆ ಹೋಗದ್ದರಿಂದ ಆ ಮೂರ್ತಿಗಳ ಮೈ ಸುತ್ತಲಿನ ಕೆಮ್ಮಣ್ಣಿನ ನೆಲದಂತೆಯೇ ಒರಟಾಗಿದೆ.

1935ರ ‘ಸುಜಾತಾ’ ಮೊದಲಿಗೆ ಮರಗಳ ನಡುವೆ ನಿಂತ ನೀಳಕಾಯದ ಹೆಣ್ಣು ಮಾತ್ರವಾಗಿತ್ತು. ತಲೆಯ ಮೇಲೊಂದು ಪಾಯಸದ ಪಾತ್ರೆ ಇರಲೆಂದು ನಂದಲಾಲರು ಸೂಚಿಸಿದ ಮೇಲೆ ಅವಳು ಬುದ್ಧನಿಗೆ ಉಣಬಡಿಸಿದ ಸುಜಾತೆಯಾದಳು. ಪೂರ್ವ ಭಾರತದ ಬುಡಕಟ್ಟಿನವರಾದ ಸಂತಾಲರನ್ನು ತೋರುವ 1938ರ ‘ಸಂತಾಲ ಕುಟುಂಬ’ವಾದರೋ ಭಾರತದ ಆಧುನಿಕ ಶಿಲ್ಪದ ದಿಕ್ಕನ್ನೇ ಬದಲಿಸಿತು. ಹೆಗಲ ಮೇಲೆ ಅಡ್ಡೆ ಹೊತ್ತ ಗಂಡಸು, ಅದರ ಬುಟ್ಟಿಯಲ್ಲಿ ಕುಳಿತ ಮಗು, ತಲೆಹೊರೆಯ ಹೆಂಗಸು, ಜೊತೆಗೊಂದು ನಾಯಿ. ಕೂಲಿ ಹುಡುಕಿ ಹೊರಟ ಈ ಸಂಸಾರ ಆಳೆತ್ತರವನ್ನೂ ಮೀರಿ, ಪೀಠದ ಠೀವಿಯಿಲ್ಲದೆ ಬಯಲಿನಲ್ಲಿ ನಡೆಯುತ್ತಿದೆ. ರಾಜರಿಗೂ ಬ್ರಿಟಿಷ್ ಲಾಟ್ ಸಾಹೇಬರಿಗೂ ಮೀಸಲಾಗಿದ್ದ ಬಯಲುಶಿಲ್ಪದ ಜಾಗವನ್ನು ದುಡಿಯುವವರಿಗೆ ಕೊಟ್ಟರೂ ಅವರ ಮುಖದಲ್ಲಿ ಕನಿಕರ ಬೇಡುವ ಭಾವವನ್ನು ತಾರದಿದ್ದುದು ಈ ಕೃತಿಯ ಹಿರಿಮೆಯೆಂದು ನನ್ನ ಅಭಿಪ್ರಾಯ. 1956ರ ‘ಗಿರಣಿಯ ಕೂಗು’ ಇದಕ್ಕಿಂತ ವೇಗದ್ದು: ಅಕ್ಕಿ ಗಿರಣಿಯ ಸದ್ದಿಗೆ ಓಡುವ ಇಬ್ಬರು ಹೆಂಗಸರ ಒದ್ದೆ ಸೀರೆ ಗಾಳಿಗೆ ಹಾರುತ್ತ ಹಾದಿಯಲ್ಲೇ ಒಣಗುತ್ತಿದೆ.

ಇನ್ನು ತಾವು ಕಂಡ ಯಕ್ಷ-ಯಕ್ಷಿಯರು. ಮಥುರಾ ಸಂಗ್ರಹಾಲಯದ ಪಾರ್ಖಮ್ ಯಕ್ಷ ಮತ್ತು ಕಲ್ಕತ್ತೆಯ ಸಂಗ್ರಹಾಲಯದ ಬೇಸ್‌ನಗರ ಯಕ್ಷಿ ಎಂಬ ಪ್ರಾಚೀನ ಶಿಲ್ಪಗಳನ್ನು ಮಾದರಿಯಾಗಿಟ್ಟುಕೊಂಡ ಈ ಕೆಲಸ ವರ್ಷಗಟ್ಟಲೆ ಎಳೆದು 1960ರ ದಶಕದ ಉತ್ತರಾರ್ಧದಲ್ಲಿ ಮುಗಿಯಿತು. ಯಕ್ಷನ ಕೈಯಲ್ಲಿ ಹಣದ ಚೀಲದ ಜೊತೆಗೆ ಯಂತ್ರದ ಹಲ್ಲುಚಕ್ರವೂ ಇರುವುದನ್ನು ತಾವು ಗಮನಿಸಿರಬಹುದು. ಯಕ್ಷಿಯ ನಗ್ನತೆಯ ಬಗ್ಗೆ ಸಂಸತ್ತಿನಲ್ಲೂ ಆಕ್ಷೇಪ ಕೇಳಿಬಂದಿತ್ತು.

ಅವರು ಖಂಡಿತವಾಗಿಯೂ ಚಿತ್ರಕಾರರಾಗಿದ್ದರು. ನಂದಲಾಲರಿಗೆ ಅಷ್ಟಾಗಿ ಹಿಡಿಸದ ತೈಲವರ್ಣವನ್ನು ಹಟದಿಂದ ಬಳಸಿದರು. ಯುರೋಪಿನ ಘನಾಕೃತಿ ಪಂಥದ (ಕ್ಯೂಬಿಸಂ) ಒಡೆದ ರೇಖೆಗಳನ್ನು ಬಂಗಾಳದ ಹೊಲಗದ್ದೆಗಳಿಗೆ ಒಗ್ಗಿಸಿದರು. ಜಲವರ್ಣದಲ್ಲಿ ಬಿರುಸಾಗಿ ಬರೆದರು. ಕೃತಿಗಳನ್ನು ಕಾಪಿಡುವ ವಿಷಯದಲ್ಲಿ ಮಾತ್ರ ಮಹಾ ಉದಾಸೀನ. ಸೋರುವ ಹುಲ್ಲಿನ ಮಾಡಿಗೆ ತೈಲಚಿತ್ರಗಳ ಕ್ಯಾನ್ವಾಸನ್ನೇ ಹೊದಿಸುತ್ತಿದ್ದ ಸಂಗತಿ, 1975ರಲ್ಲಿ ಚಲನಚಿತ್ರ ನಿರ್ದೇಶಕ ಋತ್ವಿಕ್ ಘಟಕ್ ರಾಮ್‌ಕಿಂಕರರ ಬಗ್ಗೆ ತೆಗೆಯಲಾರಂಭಿಸಿ ಅಪೂರ್ಣವಾಗಿ ಉಳಿದ ಸಾಕ್ಷ್ಯಚಿತ್ರದಲ್ಲೂ ಬರುತ್ತದೆ. 1970ರಲ್ಲಿ ಪದ್ಮಭೂಷಣ ಬಂದ ಮೇಲೂ ಬದುಕಿನ ರೀತಿ ಬದಲಾಗಲಿಲ್ಲ. 1980ರ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು.

ಅವರ ಚಿತ್ರಗಳನ್ನು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನೋಡಬಹುದು. ಸಿಮೆಂಟಿನ ಶಿಲ್ಪಗಳಿಗಾಗಿ ಮಾತ್ರ ಶಾಂತಿನಿಕೇತನಕ್ಕೆ ಹತ್ತಿರದ ರೈಲು ನಿಲ್ದಾಣವಾದ ಬೋಲ್ಪುರದಲ್ಲಿ ಇಳಿದು ಕಲಾಭವನದ ಅಂಗಳಕ್ಕೇ ಹೋಗಬೇಕು.