‘ಸಮಾಜವಾದಿ’ ಯುರೋಪಿನಲ್ಲಿ ಪಕ್ಷದ ಹೆಸರು, ಅಮೆರಿಕದಲ್ಲಿ ಬೈಗುಳ: ಯಾಕೆ ಹೀಗೆ?

ಯುರೋಪಿನಲ್ಲಿ ಸಮಾಜವಾದಿ ಪಕ್ಷಗಳು ಹಲವು ದೇಶಗಳನ್ನು ಆಳಿವೆ. ಅಮೆರಿಕದಲ್ಲಿ ಅಂಥ ಪಕ್ಷ ಒಮ್ಮೆಯೂ ಅಧಿಕಾರಕ್ಕೆ ಬಂದಿಲ್ಲ. ವ್ಯತ್ಯಾಸದ ಬೇರು ಇಲ್ಲಿದೆ.

ಗದ್ದುಗೆ ಏರಿದವರು ಬಜೆಟ್ ಮಂಡಿಸಬೇಕು, ಮಿತ್ರಪಕ್ಷಗಳನ್ನು ಸಂಭಾಳಿಸಬೇಕು. ಅಷ್ಟರಲ್ಲಿ ಸಿದ್ಧಾಂತದ ಮೊನೆ ಸವೆಯುತ್ತದೆ. ಜರ್ಮನಿಯ ಸೋಷಿಯಲ್ ಡೆಮಾಕ್ರಟರು ಅಧಿಕಾರದ ಆಸೆಗೇ 1959ರ ಬಾಡ್ ಗೋಡೆಸ್‌ಬರ್ಗ್ ಸಮಾವೇಶದಲ್ಲಿ ಮಾರುಕಟ್ಟೆಯನ್ನು ಒಪ್ಪಿಕೊಂಡರು. ಫ್ರಾನ್ಸಿನಲ್ಲಿ 1981ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಸಮಾಜವಾದಿ ಮಿತೆರಾಂ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು, 1983ಕ್ಕೆ ಖರ್ಚಿಗೆ ಕಡಿವಾಣ ಹಾಕಿದರು. ಹೀಗೆ ಆ ಪದಕ್ಕೆ ಅಲ್ಲಿ ಪಿಂಚಣಿ, ಆರೋಗ್ಯ ವಿಮೆ, ಕಾರ್ಮಿಕ ಹಕ್ಕು ಎಂಬ ದಿನಬಳಕೆಯ ಅರ್ಥ ಕೂಡಿಕೊಂಡಿತು.

ಅಮೆರಿಕದಲ್ಲಿ 1912ರ ಅಧ್ಯಕ್ಷ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಅಭ್ಯರ್ಥಿ ಯೂಜೀನ್ ಡೆಬ್ಸ್ ಸುಮಾರು 6% ಮತ ಪಡೆದರೂ ಒಂದು ರಾಜ್ಯವನ್ನೂ ಗೆಲ್ಲಲಿಲ್ಲ. ಹೆಚ್ಚು ಮತ ಪಡೆದವನಿಗೇ ಇಡೀ ರಾಜ್ಯ ಎಂಬ ಪದ್ಧತಿಯಲ್ಲಿ ಸಣ್ಣ ಪಕ್ಷಕ್ಕೆ ಸಾಮಾನ್ಯವಾಗಿ ಸಿಗುವುದು ಚಿಪ್ಪೇ. 1930ರ ದಶಕದಲ್ಲಿ ಕಾರ್ಮಿಕ ಸಂಘಗಳು ರೂಸ್‌ವೆಲ್ಟರ ಡೆಮಾಕ್ರಟಿಕ್ ಪಕ್ಷದ ಬೆನ್ನಿಗೆ ನಿಂತವು. ವಾರಸುದಾರರಿಲ್ಲದ ಪದಕ್ಕೆ ಶೀತಲ ಸಮರ ಸೋವಿಯತ್ ಬಣ್ಣ ಬಳಿಯಿತು.

ಅಮೆರಿಕದ ಸೆನೆಟರ್ ಬರ್ನಿ ಸ್ಯಾಂಡರ್ಸ್ ತಮ್ಮ ಸಮಾಜವಾದಕ್ಕೆ ಡೆನ್ಮಾರ್ಕನ್ನು ಮಾದರಿಯಾಗಿ ತೋರಿಸಿದಾಗ, 2015ರಲ್ಲಿ ಅಲ್ಲಿನ ಆಗಿನ ಪ್ರಧಾನಿ ರಾಸ್ಮುಸೆನ್ ತಮ್ಮದು ಮಾರುಕಟ್ಟೆ ಆರ್ಥಿಕತೆ ಎಂದು ತಿದ್ದಿದರು. ತಮಾಷೆಯೆಂದರೆ, ರಾಸ್ಮುಸೆನ್‌ರ ಆಗಿನ ಪಕ್ಷದ ಹೆಸರು ‘ವೆನ್‌ಸ್ಟ್ರೆ’, ಅಂದರೆ ‘ಎಡ’. ನಿಲುವು ಮಾತ್ರ ನಡು-ಬಲ!

‘ಲಿಬರಲ್’ ಪದದಲ್ಲೂ ಇದೇ ಗೊಂದಲ. ಅಮೆರಿಕದಲ್ಲಿ ಅದು ಸರ್ಕಾರಿ ಕಲ್ಯಾಣ ಯೋಜನೆ ಬೇಕೆನ್ನುವವರ ಹೆಸರು. ಜರ್ಮನಿಯ ಲಿಬರಲ್ ಪಕ್ಷ ಎಫ್‌ಡಿಪಿ ಕೇಳುವುದು ಕಡಿಮೆ ತೆರಿಗೆ.